ಬುಟ್ಟಿ ಮಣ್ಣಿನ ಚಿಕಿತ್ಸೆ

ಕ್ಷಯಕ್ಕೆ ಮದ್ದೇ ಇಲ್ಲದಿದ್ದ ಕಾಲವದು. ಶುದ್ಧ ಗಾಳಿ, ಪುಷ್ಟಿಕರ ಆಹಾರ, ವಿಶ್ರಾಂತಿ. ವೈದ್ಯರು ಹೇಳುತ್ತಿದ್ದುದು ಇಷ್ಟೇ. ಉಳ್ಳವರಿಗೇನೋ ಸರಿ. ಆದರೆ ತಿಂಗಳುಗಟ್ಟಲೆ ಮಲಗೆದ್ದ ಕೂಲಿಕಾರ ಮನೆಗೆ ಹೋಗಿ ದುಡಿಯುವುದು ಹೇಗೆ?

ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಫ್ರಿಮ್ಲಿಯಲ್ಲಿ 1905ರಲ್ಲಿ ರೋಗಿಗಳನ್ನು ಸೇರಿಸಿಕೊಳ್ಳತೊಡಗಿದ ಆರೋಗ್ಯಧಾಮದ ವೈದ್ಯ ಮಾರ್ಕಸ್ ಪ್ಯಾಟರ್ಸನ್ ಅವರನ್ನು ಕಾಡಿದ್ದು ಇದೇ ಪ್ರಶ್ನೆ. ಅವರು ದುಡಿಮೆಯನ್ನೇ ಔಷಧದಂತೆ ಅಳೆದು ಕೊಟ್ಟರು. ಮೊದಲು ನಡಿಗೆ, ದಿನಕ್ಕೆ ಅರ್ಧ ಮೈಲಿಯಿಂದ ಹತ್ತು ಮೈಲಿವರೆಗೆ. ಅದು ಮೈಗೆ ಒಗ್ಗಿದ ಮೇಲೆ ಮಣ್ಣು ತುಂಬಿದ ಬುಟ್ಟಿ ಹೊರುವುದು. ನಂತರ ಚಿಕ್ಕ ಸಲಿಕೆ, ದೊಡ್ಡ ಸಲಿಕೆ, ಕೊನೆಗೆ ಪಿಕಾಸಿ. ಥರ್ಮಾಮೀಟರಿನ ಪಾದರಸ ಏರಿತೋ, ಮತ್ತೆ ಹಾಸಿಗೆಗೆ! ದುಡಿದಾಗ ರೋಗಾಣುವಿನ ವಿಷ ತುಸುತುಸುವೇ ರಕ್ತಕ್ಕಿಳಿದು ಲಸಿಕೆಯಂತೆ ವರ್ತಿಸುತ್ತದೆಂಬುದು ಅವರ ವಾದ. ಆ ವಾದ ನಿಲ್ಲಲಿಲ್ಲ. ಆರೋಗ್ಯಧಾಮದ ಕೆಲಸ ಕೂಲಿಯಿಲ್ಲದೆ ಆಗುತ್ತಿತ್ತೆಂಬುದನ್ನೂ ಮರೆಯುವಂತಿಲ್ಲ. ಆದರೂ ದುಡಿಯುವ ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿಯೇ ಮರಳಿ ಪಡೆಯಬೇಕೆಂಬ ತಿಳಿವಳಿಕೆ ಉಳಿಯಿತು.

ನಿಜವಾದ ತೊಡಕು ಇದ್ದುದು ಗೇಟಿನಾಚೆ. ಕಾರ್ಖಾನೆಯಲ್ಲಿ ಮೈಬಿಸಿ ನೋಡಿ ಕೆಲಸ ಹಂಚುವವರಾರು? ಅರ್ಧ ದಿನ ದುಡಿಯಬಲ್ಲವನನ್ನು ಯಾರೂ ಕರೆಯರು. ಇಡೀ ದಿನ ದುಡಿದರೆ ಕಾಯಿಲೆ ಮರುಕಳಿಸುವ ಭಯ. ಕೇಂಬ್ರಿಜ್ ಸೀಮೆಯ ಕ್ಷಯರೋಗ ವೈದ್ಯಾಧಿಕಾರಿ ಪೆಂಡ್ರಿಲ್ ವ್ಯಾರಿಯರ್-ಜೋನ್ಸ್ ಕಂಡುಕೊಂಡ ದಾರಿಯೆಂದರೆ, ಇಂಥವರಿಗಾಗಿ ಒಂದು ಊರನ್ನೇ ಕಟ್ಟುವುದು. 1916ರಲ್ಲಿ ಬೋರ್ನ್‌ನಲ್ಲಿ ಚಿಕ್ಕದಾಗಿ ಆರಂಭವಾದ ಈ ಪ್ರಯತ್ನ 1918ರಲ್ಲಿ ಪ್ಯಾಪ್‌ವರ್ತ್‌ಗೆ ಸ್ಥಳಾಂತರವಾಯಿತು. ಚಿಕಿತ್ಸೆ ಮುಗಿದವರು ಅಲ್ಲಿ ಹೆಂಡತಿ ಮಕ್ಕಳೊಡನೆ ನೆಲೆಸಿದರು. ಬಡಗಿ ಕೆಲಸ, ಟ್ರಂಕು ತಯಾರಿಕೆ, ಮುದ್ರಣ. ಯಾರು ಎಷ್ಟು ಗಂಟೆ ದುಡಿಯಬೇಕೆಂದು ತೀರ್ಮಾನಿಸುವವರು ಮಾತ್ರ ವೈದ್ಯರು. ದುಡಿದುದಕ್ಕೆ ಸಂಬಳವೂ ಇತ್ತು. ಸಾಮಾನು ಅನುಕಂಪದಿಂದಲ್ಲ, ಗುಣಮಟ್ಟದಿಂದ ಮಾರಾಟವಾಗಬೇಕೆಂಬುದು ವ್ಯಾರಿಯರ್-ಜೋನ್ಸ್ ಅವರ ಹಟ.

1943ರಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಯಿತು. ಅದರ ಹಿಂದೆಯೇ ಬೇರೆ ಔಷಧಗಳೂ ಬಂದವು. ಮದ್ರಾಸಿನಲ್ಲಿ ನಡೆದ ಅಧ್ಯಯನವೊಂದು 1959ರಲ್ಲಿ ಇನ್ನೂ ದೊಡ್ಡ ಅಚ್ಚರಿ ತಂದಿತು. ಸರಿಯಾಗಿ ಔಷಧ ಸೇವಿಸಿದ ಬಡ ರೋಗಿಗಳು, ಸಾಧಾರಣ ಊಟ ಮಾಡಿಕೊಂಡು ಮನೆಯಲ್ಲೇ ಇದ್ದರೂ, ಆರೋಗ್ಯಧಾಮದಲ್ಲಿ ಮಲಗಿದವರಷ್ಟೇ ಗುಣ ಕಂಡಿದ್ದರು. ಆರೋಗ್ಯಧಾಮಗಳ ಕಾಲ ಮುಗಿಯುತ್ತ ಬಂತು.

ಪ್ಯಾಪ್‌ವರ್ತ್ ಆಸ್ಪತ್ರೆ ಹೃದಯ ಚಿಕಿತ್ಸೆಯತ್ತ ಹೊರಳಿ, ಬ್ರಿಟನ್ನಿನ ಮೊದಲ ಯಶಸ್ವಿ ಹೃದಯ ಕಸಿಯನ್ನು 1979ರಲ್ಲಿ ನಡೆಸಿತು. ಹೃದಯದ ಶಸ್ತ್ರಚಿಕಿತ್ಸೆಯಾದವರನ್ನು ಇಂದು ಎಲ್ಲೆಡೆ ಬೇಗನೆ ಹಾಸಿಗೆಯಿಂದ ಇಳಿಸುತ್ತಾರೆ. ಮೊದಲ ದಿನ ಕೆಲವೇ ಹೆಜ್ಜೆ, ಮರುದಿನ ಇನ್ನಷ್ಟು.