ರೈಲ್ವೆ ಷೇರುಪತ್ರಗಳೂ ಮೈಸೂರಿನ ಬೊಕ್ಕಸವೂ

ಹಳೆಯ ರೈಲ್ವೆ ಕಂಪೆನಿಗಳ ಷೇರುಪತ್ರಗಳನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಅವುಗಳ ಅಂಚಿನ ಅಲಂಕಾರಕ್ಕೂ ಮೊಹರಿಗೂ ನಿರ್ದೇಶಕರ ಸಹಿಗಳಿಗೂ ಮನಸೋಲುತ್ತಾರೆ. ಚರಿತ್ರೆಯ ಅಭ್ಯಾಸಿಗಳಾದ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಈ ಪತ್ರ ಯಾರ ಹಣಕ್ಕೆ ಸಾಕ್ಷಿಯಾಗಿದೆ, ಯಾರ ಹಣದ ವಿಷಯದಲ್ಲಿ ಮೌನವಾಗಿದೆ?

ಭಾರತದ ರೈಲ್ವೆ ಕಂಪೆನಿಗಳ ಪದ್ಧತಿ 1849ರ ಒಪ್ಪಂದಗಳಿಂದ ರೂಪುಗೊಂಡಿತು. ಬಂಡವಾಳವನ್ನು ಷೇರುಗಳ ಮೂಲಕ ಲಂಡನ್ನಿನಲ್ಲಿ ಕೂಡಿಸಲಾಗುತ್ತಿತ್ತು. ನೆಲವನ್ನು ಸರ್ಕಾರ ಉಚಿತವಾಗಿ ಒದಗಿಸುತ್ತಿತ್ತು. ಗಳಿಕೆ ಸಾಲದಾದಾಗ ಶೇಕಡ 5ರ ಬಡ್ಡಿಯನ್ನು ಭಾರತದ ಬೊಕ್ಕಸವೇ ತುಂಬಿಕೊಡುತ್ತಿತ್ತು. 1864ರಲ್ಲಿ ಬೆಂಗಳೂರನ್ನು ಮುಟ್ಟಿದ ಮದರಾಸು ರೈಲ್ವೆ ಇಂತಹ ಖಾತರಿಯ ಕಂಪೆನಿಯಾಗಿತ್ತು. ಷೇರುದಾರನ ಹೆಸರು ಪತ್ರದ ಮೇಲಿತ್ತು; ನಷ್ಟವನ್ನು ಹೊರುವವನ ಹೆಸರು ಅಲ್ಲಿರಲಿಲ್ಲ.

ಮೈಸೂರಿನ ಸ್ವಂತ ಮಾರ್ಗದ ವೃತ್ತಾಂತ ಭಿನ್ನವಾದುದು. 1876–78ರ ಕ್ಷಾಮಕಾಲದಲ್ಲಿ ಪರಿಹಾರ ಕಾಮಗಾರಿಯಾಗಿ ಮೊದಲಾದ ಬೆಂಗಳೂರು–ಮೈಸೂರು ಮಾರ್ಗವು ರಾಮನಗರ, ಚನ್ನಪಟ್ಟಣಗಳನ್ನು ಹಾಯ್ದು 1882ರಲ್ಲಿ ಮೈಸೂರನ್ನು ಸೇರಿತು. ಇದು ಸಂಸ್ಥಾನದ ಕೆಲಸ. ಇದಕ್ಕೆ ಷೇರುಪತ್ರವೇ ಇರಲಿಲ್ಲ. ಆದರೆ 1886ರಲ್ಲಿ ಸಂಸ್ಥಾನವು ತನ್ನ ಮಾರ್ಗಗಳನ್ನು ಸದರನ್ ಮರಾಠಾ ರೈಲ್ವೆ ಕಂಪೆನಿಯ ವಶಕ್ಕೊಪ್ಪಿಸಿತು. ಹರಿಹರದವರೆಗಿನ ವಿಸ್ತರಣೆಗಾಗಿ ಕಂಪೆನಿಯು ಇಂಗ್ಲೆಂಡಿನಲ್ಲಿ ಸುಮಾರು 12 ಲಕ್ಷ ಪೌಂಡುಗಳ ಸಾಲವನ್ನು ಶೇಕಡ 4ರ ಬಡ್ಡಿಗೆ ಎತ್ತಿತು. ಸಾಲಪತ್ರದ ಮೇಲಿದ್ದುದು ಕಂಪೆನಿಯ ಹೆಸರು. ಬಡ್ಡಿಯ ಹೊಣೆ ಮೈಸೂರಿನದು. ಹರಿಹರದ ಮಾರ್ಗ 1889ರಲ್ಲಿ ಮುಗಿಯಿತು.

ಈ ವ್ಯವಹಾರವನ್ನು ಮಾಗಡಿ ತಾಲ್ಲೂಕಿನ ಕುದೂರಿನಿಂದ ನೋಡಿದಾಗ ಅದರ ಅರ್ಥ ಸ್ಪಷ್ಟವಾಗುತ್ತದೆ. ದಕ್ಷಿಣಕ್ಕೆ ಮೈಸೂರಿನ ಮಾರ್ಗ, ಉತ್ತರಕ್ಕೆ 1884ರ ತುಮಕೂರಿನ ಮಾರ್ಗ. ಎರಡೂ ಈ ಊರನ್ನು ಮುಟ್ಟಲಿಲ್ಲ. ಆದರೂ ಭೂಕಂದಾಯವೇ ಸಂಸ್ಥಾನದ ಮುಖ್ಯ ಆದಾಯವಾಗಿದ್ದುದರಿಂದ, ಇಲ್ಲಿಯ ರಾಗಿ ಬೆಳೆಗಾರನೂ ಆ ಹೊಣೆಯಲ್ಲಿ ಪಾಲುಗಾರನಾಗಿದ್ದನು. ನೆರೆಯ ಸೋಲೂರಿನ ಮೇಲೆ ಹಾಯುವ ಬೆಂಗಳೂರು–ಹಾಸನ ಮಾರ್ಗವು ಪೂರ್ಣವಾಗಿ ತೆರೆದುದು 2017ರಲ್ಲಿ.

ಸದರನ್ ಮರಾಠಾ ಕಂಪೆನಿಯು 1908ರಲ್ಲಿ ಮದರಾಸು ರೈಲ್ವೆಯೊಡನೆ ಕೂಡಿತು. ಕೂಡಿದ ಕಂಪೆನಿಯನ್ನು ಸರ್ಕಾರ 1944ರಲ್ಲಿ ವಹಿಸಿಕೊಂಡಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಆ ಪತ್ರಗಳಿಗೆ ಈಗ ಹಣದ ಹಕ್ಕಿಲ್ಲ. ಸಾಕ್ಷ್ಯದ ಬೆಲೆ ಮಾತ್ರ ಉಳಿದಿದೆ. ಆದುದರಿಂದ ಸಂಗ್ರಾಹಕನು ಪತ್ರದ ಪಕ್ಕದಲ್ಲಿ ಕಂಪೆನಿಯ ಒಪ್ಪಂದವನ್ನೂ ಸಂಸ್ಥಾನದ ವಾರ್ಷಿಕ ಆಡಳಿತ ವರದಿಯನ್ನೂ ಇಟ್ಟು ಓದಬೇಕು. ಮೊದಲನೆಯದರಲ್ಲಿ ಲಾಭ ಪಡೆದವರ ಹೆಸರು ದೊರೆಯುತ್ತದೆ. ಉಳಿದೆರಡರಲ್ಲಿ ಹೊಣೆ ಹೊತ್ತವರ ಗುರುತು ಸಿಕ್ಕುತ್ತದೆ. ಇವೆರಡೂ ಕೂಡಿದ ಹೊರತು ರೈಲ್ವೆಯ ಚರಿತ್ರೆ ಪೂರ್ಣವಾಗದೆಂಬುದು ನಮ್ಮ ಅಭಿಪ್ರಾಯ.