ಅರಸನ ಓಲೆಗಳು, ಸೆರೆಯಾಳುಗಳ ಮೌನ

ಜೆ.ಪಿ. ನಗರದ ಮನೆಯೊಂದರಲ್ಲಿ ಸೇರುವ ನಮ್ಮ ಅಧ್ಯಯನಕೂಟದಲ್ಲಿ, ಕರಾವಳಿಯ ಕುಟುಂಬಕ್ಕೆ ಸೇರಿದ ಯುವಕನೊಬ್ಬನು, “ಗುರುಗಳೇ, ಶೃಂಗೇರಿಗೆ ಭಕ್ತಿಯ ಪತ್ರ ಬರೆದ ಟಿಪ್ಪುವೂ ನಮ್ಮ ಹಿರಿಯರನ್ನು ಶ್ರೀರಂಗಪಟ್ಟಣಕ್ಕೆ ಅಟ್ಟಿಸಿದ ಟಿಪ್ಪುವೂ ಒಬ್ಬನೇ ಹೇಗಾದಾನು?” ಎಂದು ಕೇಳಿದನು. ನಾನು ಆಗ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆ ಪತ್ರಗಳನ್ನೇ ಮತ್ತೊಮ್ಮೆ ಓದಿದ ಫಲ ಈ ಲೇಖನ.

ಸುಲ್ತಾನನ ಪತ್ರವ್ಯವಹಾರ ನಮಗೆ ಮುಖ್ಯವಾಗಿ ಎರಡು ದಾರಿಗಳಿಂದ ಬಂದಿದೆ. ಮೊದಲನೆಯದು ಕಂಪನಿಯ ಅಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಪಾರಸಿಯಿಂದ ಇಂಗ್ಲಿಷಿಗೆ ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಸಂಪುಟ. ಎರಡನೆಯದು ಶೃಂಗೇರಿ ಮಠದಲ್ಲಿ ಉಳಿದಿದ್ದ ಸುಮಾರು 30 ಕನ್ನಡ ಪತ್ರಗಳು. ‘ಕರ್ಣಾಟಕ ಕವಿಚರಿತೆ’ಯ ಕರ್ತೃವೆಂದು ನಾವು ಬಲ್ಲ ಆರ್. ನರಸಿಂಹಾಚಾರ್ಯರೇ, ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿ, ಇವುಗಳನ್ನು 1916ರಲ್ಲಿ ಬೆಳಕಿಗೆ ತಂದರು.

ಕರ್ಕ್‌ಪ್ಯಾಟ್ರಿಕ್‌ನಿಗೆ ಸುಲ್ತಾನನು ಮತಾಂಧ, ಕ್ರೂರ, ವಚನಭ್ರಷ್ಟ. ಇದನ್ನು ಅವನು ಮುನ್ನುಡಿಯಲ್ಲಿಯೇ ಸಾರಿಬಿಡುತ್ತಾನೆ. ಆದರೆ ಅವನೇ ಅನುವಾದಿಸಿದ ಪತ್ರಗಳು ಅವನ ಮಾತಿಗೆ ಸಂಪೂರ್ಣವಾಗಿ ವಿಧೇಯವಾಗಿಲ್ಲ. 1786ರ ಸೆಪ್ಟೆಂಬರಿನಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಹೋದ ಆಜ್ಞೆಯನ್ನು ನೋಡಿರಿ. ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬಿಬ್ಬರು ಬಂಗಾಳದಿಂದ ರೇಷ್ಮೆಹುಳುಗಳನ್ನು ತರುತ್ತಿದ್ದಾರೆ. ಅವುಗಳನ್ನು ಎಂಥ ಸ್ಥಳದಲ್ಲಿ ಇಡಬೇಕೆಂದು ಅವರಿಂದಲೇ ಕೇಳಿ ತಿಳಿದು ವ್ಯವಸ್ಥೆ ಮಾಡತಕ್ಕದ್ದು. ಹುಚ್ಚುನಾಯಿ ಕಡಿದವನಿಗೆ ಮಾಡಬೇಕಾದ ಚಿಕಿತ್ಸೆಯನ್ನು ವಿವರಿಸುವ ಪತ್ರವೂ ಅಲ್ಲಿದೆ. ಹುಳದಿಂದ ಹಿಡಿದು ಗಾಯದವರೆಗೆ ಎಲ್ಲವೂ ತನ್ನ ಅಪ್ಪಣೆಯಂತೆಯೇ ನಡೆಯಬೇಕೆಂಬ ಮನುಷ್ಯನ ದನಿ ಇದು.

ಇದೇ ಕಾಲದಲ್ಲಿ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸಿನಲ್ಲಿದ್ದ ಥಾಮಸ್ ಜೆಫರ್‌ಸನ್ನನ ಪತ್ರಗಳಲ್ಲಿಯೂ ಟಿಪ್ಪುವಿನ ಹೆಸರು ಬರುತ್ತದೆ. ಸುಲ್ತಾನನ ರಾಯಭಾರಿಗಳು ಬಂದಿದ್ದಾರೆ, ಆಡಂಬರಕ್ಕೆ ಮೀರಿದ ಉದ್ದೇಶವೇನಾದರೂ ಇದ್ದರೆ ಅದಿನ್ನೂ ತಿಳಿದಿಲ್ಲ ಎಂದು ಅವನು 1788ರ ಆಗಸ್ಟಿನಲ್ಲಿ ಜಾನ್ ಜೇಗೆ ತಿಳಿಸಿದನು.

ಶೃಂಗೇರಿಯ ಪತ್ರಗಳ ಹಿನ್ನೆಲೆ ಬೇರೆ. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಕಾರ್ನ್‌ವಾಲಿಸನ ವಶವಾಯಿತು. ಆ ಯುದ್ಧದ ನಡುವೆಯೇ ಮರಾಠರ ದಂಡು ಶೃಂಗೇರಿಯನ್ನು ಸುಲಿಯಿತು. ಶಾರದೆಯ ಮೂರ್ತಿ ಸ್ಥಾನಭ್ರಷ್ಟವಾಯಿತು, ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಸುಲ್ತಾನನು ಅವರನ್ನು ‘ಜಗದ್ಗುರು’ ಎಂದು ಸಂಬೋಧಿಸಿ ದುಃಖ ತೋಡಿಕೊಂಡನು, ಪುನಃಪ್ರತಿಷ್ಠೆಗೆ 200 ರಾಹತಿಗಳನ್ನು ಕೊಡುವಂತೆ ನಗರದ ಅಸಫನಿಗೆ ಅಪ್ಪಣೆ ಮಾಡಿದನು. ಶತ್ರುನಾಶಕ್ಕಾಗಿ ಚಂಡೀಜಪವನ್ನೂ ಬೇಡಿದನು. ಇದು ರಾಜಕೀಯವೋ, ಭಕ್ತಿಯೋ? ಮೂರು ಸೈನ್ಯಗಳು ಸುತ್ತುವರಿದಿದ್ದಾಗ ಅರಸನಿಗೆ ಎರಡೂ ಬೇಕಾಗಿದ್ದವು; ಅವೆರಡನ್ನು ಬಿಡಿಸಿ ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಆದರೆ ಯುದ್ಧ ಮುಗಿದ ಮೇಲೂ ಪತ್ರಗಳು ನಿಲ್ಲಲಿಲ್ಲ. ಕೇವಲ ತಂತ್ರವೆಂದು ಅವನ್ನು ತಳ್ಳಿಹಾಕುವವರು ಈ ಸಂಗತಿಯನ್ನು ಗಮನಿಸಬೇಕು.

ಪತ್ರಿಕೆಗಳನ್ನು ಓದುವ ಕ್ರಮವನ್ನು ನಾವು ಪೌಲನಿಂದ ಕಲಿತವರು. ಫಿಲೆಮೋನನಿಗೆ ಬರೆದ ಪತ್ರಿಕೆಯಲ್ಲಿ ಪೌಲನ ಮಾತಿದೆ, ಫಿಲೆಮೋನನ ಉತ್ತರವಿಲ್ಲ. ದಾಸನಾದ ಒನೇಸಿಮನು ಅದರಲ್ಲಿ ಒಂದು ಮಾತನ್ನೂ ಆಡುವುದಿಲ್ಲ, ಆದರೂ ಆ ಪತ್ರಿಕೆಯ ವಿಷಯ ಅವನೇ.

ಟಿಪ್ಪುವಿನ ಪತ್ರಾಗಾರದಲ್ಲಿ ಒನೇಸಿಮನ ಸ್ಥಾನದಲ್ಲಿರುವವರು ಕೆನರಾದ ಕ್ರೈಸ್ತರು. ಮಂಗಳೂರಿನ ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಅವರನ್ನು ಸೆರೆಹಿಡಿದು ಘಟ್ಟ ಹತ್ತಿಸಲಾಯಿತು. ಸುಲ್ತಾನನ ಆಸ್ಥಾನದ ಬರಹ 60,000 ಮಂದಿ ಎಂದು ಹೆಮ್ಮೆಯಿಂದ ಹೇಳುತ್ತದೆ. ವಿಲ್ಕ್ಸನ ಅಂದಾಜು 30,000. ಅವರ ಆಸ್ತಿ ಹೋಯಿತು, ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಸತ್ತರು, ಅನೇಕರಿಗೆ ಬಲಾತ್ಕಾರವಾಗಿ ಸುನ್ನತಿಯಾಯಿತು. ಅರಸನ ಓಲೆಗಳು ಉಳಿದವು. ಇವರಿಂದ ಅಂಥ ಓಲೆಗಳ ಕಟ್ಟು ಉಳಿಯಲಿಲ್ಲ.

ಇವರ ವಿಷಯದಲ್ಲಿ ಉಳಿದ ಒಂದು ಸಾಕ್ಷ್ಯ ನಮ್ಮವರದೇ, ಅದೇ ನನ್ನನ್ನು ಹೆಚ್ಚು ಕಾಡುವುದು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅಬ್ಬೆ ದುಬೋಯಿ ಅಲ್ಲಿಗೆ ಬಂದು ಚದುರಿಹೋದ ವಿಶ್ವಾಸಿಗಳನ್ನು ಮತ್ತೆ ಸಭೆಗೆ ಸೇರಿಸಿಕೊಂಡನು. ಆದರೆ 1823ರಲ್ಲಿ ಪ್ರಕಟವಾದ ಅವನ ಪತ್ರಗಳಲ್ಲಿ ಕಟುವಾದ ತೀರ್ಪೊಂದಿದೆ. ಆ 60,000 ಮಂದಿಯಲ್ಲಿ ವಿಶ್ವಾಸವನ್ನು ಅರಿಕೆಮಾಡಿ ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬನಿಗೂ ಇರಲಿಲ್ಲವೆಂದು ಅವನು ಬರೆಯುತ್ತಾನೆ. ಭಾರತದಲ್ಲಿ ಕ್ರೈಸ್ತಧರ್ಮ ಬೇರೂರದೆಂಬ ತನ್ನ ವಾದಕ್ಕೆ ಅವರ ಸೋಲನ್ನು ಪುರಾವೆಯಾಗಿ ಬಳಸುತ್ತಾನೆ.

ದುಬೋಯಿಯ ಪಾಲನಾಸೇವೆಯ ಮೇಲೆ ನನಗೆ ಗೌರವವಿದೆ. ಆದರೂ ಈ ವಾಕ್ಯವನ್ನು ಒಪ್ಪಲಾರೆ. ದಾರಿಯಲ್ಲಿ ಸತ್ತವರ ಮನಸ್ಸನ್ನು ಅವನು ಬಲ್ಲವನಲ್ಲ. ಹದಿನೈದು ವರ್ಷಗಳ ಸೆರೆಯ ತರುವಾಯ, ಬಾಗಿಲು ತೆರೆದ ಕೂಡಲೇ ಪಾಪನಿವೇದನೆಗೆ ಬಂದು ನಿಂತವರನ್ನು ಅವನೇ ಕಣ್ಣಾರೆ ಕಂಡಿದ್ದನು. ಅದನ್ನು ವಿಶ್ವಾಸವೆಂದು ಎಣಿಸಲು ಅವನ ವಾದ ಅವನನ್ನು ಬಿಡಲಿಲ್ಲ. ಕರ್ಕ್‌ಪ್ಯಾಟ್ರಿಕ್ ಸುಲ್ತಾನನಿಗೆ ಮಾಡಿದ್ದನ್ನೇ ದುಬೋಯಿ ತನ್ನ ಮಂದೆಗೆ ಮಾಡಿದನು.

ನನ್ನ ಪ್ರಶ್ನಕರ್ತನಿಗೆ ಈಗ ಹೀಗೆ ಹೇಳಿದ್ದೇನೆ: ಇಬ್ಬರೂ ಒಬ್ಬನೇ, ತಮ್ಮ. ಶೃಂಗೇರಿಯ ಪತ್ರವನ್ನು ತೋರಿಸಿ ಸೆರೆಯನ್ನು ಅಳಿಸಲು ಬಂದವನಿಗೂ, ಸೆರೆಯನ್ನು ತೋರಿಸಿ ಪತ್ರವನ್ನು ಸುಳ್ಳೆನ್ನುವವನಿಗೂ ನೀನು ತಲೆಯಾಡಿಸಬೇಕಾಗಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ದುಬೋಯಿಯ ಪುಸ್ತಕವನ್ನು ಓದಲು ಕೇಳಿ ತೆಗೆದುಕೊಂಡು ಹೋದನು.