ಎರಡು ಸ್ವರಗಳ ನಡುವಿನ ಜಗಳ

1982ರಲ್ಲಿ ಎಚ್‌ಎಂವಿ ಒಂದು ಎಲ್‌ಪಿ ಹೊರತಂದಿತು. ಹೆಸರು ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’. ಡಿಸ್ಕೊ ತಾಳಕ್ಕೆ ಕೂರಿಸಿದ ಹತ್ತು ರಾಗಗಳು ಅದರಲ್ಲಿದ್ದವು: ಭೈರವ್, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘ ಮಲ್ಹಾರ್, ಯಮನ್, ಕಲಾವತಿ, ಮಾಲಕಂಸ, ಬೈರಾಗಿ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಹೇಳುವುದಾದರೆ ಭೈರವ್‌ನಲ್ಲಿರುವುದು ಮಾಯಾಮಾಳವಗೌಳದ ಸ್ವರಗಳು, ಭೂಪಾಲಿಯಲ್ಲಿ ಮೋಹನದವು, ಮಾಲಕಂಸದಲ್ಲಿ ಹಿಂದೋಳದವು. ಆದರೆ ತಬಲಾ ಇಲ್ಲ, ತಂಬೂರಿ ಇಲ್ಲ, ಸಾರಂಗಿಯೂ ಇಲ್ಲ. ಇದ್ದದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು ಮತ್ತು ಅವುಗಳ ಮುಂದೆ ಕೂತ ಒಬ್ಬ ಮನುಷ್ಯ.

ಆತ ಚರಣ್‌ಜಿತ್ ಸಿಂಗ್. ಹಿಂದಿ ಸಿನಿಮಾದ ವಾದ್ಯವೃಂದಗಳಲ್ಲಿ ಗಿಟಾರು, ಕೀಬೋರ್ಡು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಕಲಾವಿದ. ತಟ್ಟೆ ಹೆಚ್ಚೇನೂ ಮಾರಾಟವಾಗಲಿಲ್ಲ. ರಾಗ ಬಲ್ಲವರಿಗೆ ಅದು ಡಿಸ್ಕೊ, ಡಿಸ್ಕೊಗೆ ಕುಣಿಯುವವರಿಗೆ ಅದು ರಾಗ. ಅತ್ತ ದರಿ, ಇತ್ತ ಪುಲಿ. ಸಿಂಗ್ ತಮ್ಮ ಕೆಲಸಕ್ಕೆ ಮರಳಿದರು, ತಟ್ಟೆ ಹಳೆಯ ಸಾಮಾನಿನ ಅಂಗಡಿ ಸೇರಿತು.

2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯಲ್ಲಿ ಅದರ ಒಂದು ಪ್ರತಿ ಸಿಕ್ಕಿತು. ಎಂಟು ವರ್ಷದ ಮೇಲೆ, 2010ರಲ್ಲಿ, ಅವರು ತಮ್ಮ ‘ಬಾಂಬೆ ಕನೆಕ್ಷನ್’ ಲೇಬಲ್ಲಿನಿಂದ ಅದನ್ನು ಮರುಮುದ್ರಿಸಿದಾಗ ಯೂರೋಪಿನ ಕೇಳುಗರು ಬೆಚ್ಚಿಬಿದ್ದರು. ಅವರ ಕಿವಿಗೆ ಬಿದ್ದದ್ದು ಆ್ಯಸಿಡ್ ಹೌಸ್. ಆ ನೃತ್ಯ ಸಂಗೀತಕ್ಕೆ ಹೆಸರು ತಂದ ‘ಆ್ಯಸಿಡ್ ಟ್ರ್ಯಾಕ್ಸ್’ ಶಿಕಾಗೋದಿಂದ ಬಂದದ್ದು 1987ರಲ್ಲಿ. ಮುಂಬಯಿಯಲ್ಲಿ ಅದಕ್ಕೂ ಐದು ವರ್ಷ ಮೊದಲೇ ಇದು ಹೇಗೆ ಸಾಧ್ಯ? ಇದೆಲ್ಲ ಬ್ರಿಟನ್ನಿನ ಏಫೆಕ್ಸ್ ಟ್ವಿನ್ ಎಂಬ ಕಲಾವಿದನ ಕುಚೋದ್ಯ, ಹಳೆಯ ತಟ್ಟೆಯ ವೇಷ ತೊಡಿಸಿದ ಹೊಸ ಮಾಲು ಎಂದು ಕೆಲವರು ಅನುಮಾನಪಟ್ಟರು.

ಅನುಮಾನ ಪರಿಹಾರವಾದ ಮೇಲೆ ಚರ್ಚೆ ಇನ್ನೊಂದು ದಿಕ್ಕಿಗೆ ಹೊರಳಿತು. ಸಿಂಗ್ ಆ್ಯಸಿಡ್ ಹೌಸಿನ ಮೂಲಪುರುಷರೇ? ಅಥವಾ ರಾಗವನ್ನು ಅಗ್ಗದ ಕುಣಿತಕ್ಕೆ ಇಳಿಸಿದವರೇ? ಈ ಎರಡು ಪ್ರಶ್ನೆಗಳ ಗದ್ದಲದಲ್ಲಿ ಒಂದು ಹಳೆಯ ಕಥೆ ಮುಚ್ಚಿಹೋಯಿತು. ಯಂತ್ರದ ಬಗ್ಗೆ ನಮ್ಮ ಸಂಗೀತಗಾರರು ಮಾಡಿದ ಜಗಳದ ಕಥೆ ಅದು. ಆ ಜಗಳ ಕರೆಂಟಿನ ಮೇಲೆ ನಡೆದದ್ದು ಕಡಿಮೆ. ನಡೆದದ್ದೆಲ್ಲ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯ ಮೇಲೆ.

ಅದಕ್ಕೆ ಮೊದಲ ಸಾಕ್ಷಿ ಹಾರ್ಮೋನಿಯಂ. ತಂತಿಯಿಲ್ಲ, ಬಲ್ಬಿಲ್ಲ, ಬರೀ ತಿದಿ, ಗಾಳಿ, ಹಿತ್ತಾಳೆಯ ರೀಡು. ಹಾಗಿದ್ದೂ 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. ಆಗ ಬಾನುಲಿಯ ಮುಖ್ಯಸ್ಥರಾಗಿದ್ದವರು ಲಯೊನೆಲ್ ಫೀಲ್ಡನ್. ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡಿದ್ದ ಇಂಗ್ಲಿಷ್ ಸಂಯೋಜಕ ಜಾನ್ ಫೌಲ್ಡ್ಸ್ ಅದಕ್ಕೂ ಮೊದಲೇ ಹಾರ್ಮೋನಿಯಂ ವಿರುದ್ಧ ಬರೆದಿದ್ದರು. ರವೀಂದ್ರನಾಥ ಟ್ಯಾಗೋರರಿಗೂ ಆ ವಾದ್ಯವನ್ನು ಕಂಡರಾಗುತ್ತಿರಲಿಲ್ಲ. ಆರೋಪ ಎರಡು: ಸಮನಾಗಿ ಹನ್ನೆರಡು ಭಾಗ ಮಾಡಿದ ಸ್ಥಾಯಿಯಲ್ಲಿ ನಮ್ಮ ಶ್ರುತಿಗಳು ಕೂರುವುದಿಲ್ಲ; ಒಂದು ಮನೆಯಿಂದ ಇನ್ನೊಂದಕ್ಕೆ ಜಿಗಿಯಬಹುದೇ ಹೊರತು ಜಾರಲಾಗುವುದಿಲ್ಲ. ಹಿಂದೂಸ್ತಾನಿಯವರು ಮೀಂಡ್ ಎನ್ನುವುದು, ಕರ್ನಾಟಕದವರು ಜಾರು ಎನ್ನುವುದು ಆ ಮನೆಗಳ ನಡುವಿನ ಸಂದಿನಲ್ಲೇ ಉಳಿದುಬಿಡುತ್ತದೆ. ಬಾಗಿಲು ಮತ್ತೆ ತೆರೆದದ್ದು 1971ರಲ್ಲಿ, ಅದೂ ಷರತ್ತುಗಳ ಮೇಲೆ.

ಬಾನುಲಿ ಬಾಗಿಲು ಹಾಕಿತೆಂದು ಊರು ಹಾಕಲಿಲ್ಲ. ಉತ್ತರ ಕರ್ನಾಟಕದಲ್ಲಿ ಕಂಪನಿ ನಾಟಕದ ಪೇಟಿ ಮಾಸ್ತರನಿಲ್ಲದೆ ಪರದೆ ಏಳುತ್ತಿರಲಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ (1917–2010) ದೊಡ್ಡ ದೊಡ್ಡ ಗವಾಯಿಗಳಿಗೆ ಇದೇ ಪೇಟಿಯಲ್ಲಿ ಸಾಥ್ ಕೊಟ್ಟರು. ಕೈ ಪಳಗಿದವರು ಮೀಂಡಿನ ಭ್ರಮೆ ಹುಟ್ಟಿಸುವ ಬಗೆಯೇ ಬೇರೆ. ಗುರಿಯ ಸ್ವರಕ್ಕೆ ಮೊದಲು ಅದರ ನೆರೆಯ ಸ್ವರವನ್ನು ಕಣ್ಣು ಮಿಟುಕುವಷ್ಟು ಹೊತ್ತು ಸವರುತ್ತಾರೆ. ಹಿಂದಿನ ಮನೆಯ ಬೆರಳೆತ್ತುವ ಮುನ್ನವೇ ಮುಂದಿನದನ್ನು ಒತ್ತುತ್ತಾರೆ. ಎಡಗೈ ಅಷ್ಟರಲ್ಲಿ ತಿದಿಯ ಗಾಳಿಯನ್ನು ಕೊಂಚ ತಗ್ಗಿಸಿರುತ್ತದೆ. ಇಲ್ಲದ ದಾರಿಯನ್ನು ಕೇಳುಗನ ಕಿವಿಯೇ ತುಂಬಿಕೊಳ್ಳುತ್ತದೆ.

ಯೂರೋಪ್–ಅಮೆರಿಕದಲ್ಲಿ ಇದೇ ಜಗಳ ಬೇರೆ ಬಣ್ಣ ತಾಳಿತು. 1968ರಲ್ಲಿ ವೆಂಡಿ ಕಾರ್ಲೋಸ್ ಮೂಗ್ ಸಿಂಥಸೈಸರಿನಲ್ಲಿ ಬಾಖ್‌ನ ಕೃತಿಗಳನ್ನು ನುಡಿಸಿ ‘ಸ್ವಿಚ್ಡ್ ಆನ್ ಬಾಖ್’ ಹೊರತಂದರು. ಆ ಯಂತ್ರದಲ್ಲಿ ಏಕಕಾಲಕ್ಕೆ ಒಂದೇ ಸ್ವರ ಹೊರಡುತ್ತಿತ್ತು. ಅದರ ಶ್ರುತಿಯೋ ಗಳಿಗೆಗಳಿಗೆಗೂ ಅಲುಗುತ್ತಿತ್ತು. ಹಾಗಾಗಿ ಒಂದೊಂದು ಎಳೆಯನ್ನೂ ತುಣುಕು ತುಣುಕಾಗಿ ಟೇಪಿಗೆ ಇಳಿಸಿ, ಒಂದರ ಮೇಲೊಂದು ಹೇರಿ, ನೇಯ್ಗೆ ನೇಯ್ದಂತೆ ಕಟ್ಟಬೇಕಾಯಿತು. ಮಡಿವಂತರು ಮೂಗು ಮುರಿದರು. ಪಿಯಾನೋದಲ್ಲಿ ಬಾಖ್ ನುಡಿಸುವುದರಲ್ಲಿ ಮೇರುವೆನಿಸಿದ್ದ ಗ್ಲೆನ್ ಗೂಲ್ಡ್ ಮಾತ್ರ ಮನಸಾರೆ ಹೊಗಳಿದರು. ತಟ್ಟೆಗೆ ಮೂರು ಗ್ರ್ಯಾಮಿ ಬಂತು. ಅದಕ್ಕೊಂದು ಕಾರಣ ಬಾಖ್‌ನಲ್ಲೇ ಇತ್ತು. ಅವನ ಸಂಗೀತ ಬಿಡಿಬಿಡಿ ಸ್ವರಗಳ ಕಟ್ಟೋಣ; ಹಾರ್ಪ್ಸಿಕಾರ್ಡ್, ಆರ್ಗನ್‌ಗಳೆಂಬ ಮನೆಗಳುಳ್ಳ ವಾದ್ಯಗಳಲ್ಲೇ ಬೆಳೆದದ್ದು. ವಿವಾಲ್ಡಿಯ ಪಿಟೀಲಿನ ಕೃತಿಗಳನ್ನು ಸ್ವತಃ ಬಾಖ್ ಆರ್ಗನ್ನಿಗೆ ಒಗ್ಗಿಸಿದ್ದ. ಒಂದು ವಾದ್ಯದಿಂದ ಇನ್ನೊಂದಕ್ಕೆ ಹೋದರೆ ಅದರ ಜೀವ ಸೋರುವುದಿಲ್ಲ.

ಅಲ್ಲಿನವರ ಸಿಟ್ಟು ಸಿಡಿದದ್ದು ಬೇರೆ ಕಡೆ. 1995ರಲ್ಲಿ ಬ್ರಿಟನ್ನಿನ ‘ದಿ ವೈರ್’ ಪತ್ರಿಕೆ ಜರ್ಮನಿಯ ಕಾರ್ಲ್‌ಹೈಂಜ್ ಸ್ಟಾಕ್‌ಹೌಸನ್ ಅವರ ಮಾತುಗಳನ್ನು ಪ್ರಕಟಿಸಿತು. ಎಲೆಕ್ಟ್ರಾನಿಕ್ ಸಂಗೀತದ ಪಿತಾಮಹರಲ್ಲೊಬ್ಬರಾದ ಅವರಿಗೆ ಹೊಸ ತಲೆಮಾರಿನವರ ಧ್ವನಿಮುದ್ರಣಗಳನ್ನು ಕೇಳಿಸಲಾಗಿತ್ತು. ಅದೇ ಏಫೆಕ್ಸ್ ಟ್ವಿನ್ ಕೂಡ ಆ ಗುಂಪಿನಲ್ಲಿದ್ದ. ಹೇಳಿದ್ದನ್ನೇ ಹೇಳುವ ಚಟ ಬಿಡಬೇಕು, ತಮ್ಮ 1956ರ ‘ಗೆಸಾಂಗ್ ಡೆರ್ ಯೂಂಗ್‌ಲಿಂಗೆ’ ಕೇಳಬೇಕು ಎಂಬುದು ಹಿರಿಯರ ಬುದ್ಧಿವಾದ. ಕಿರಿಯವನು ಸುಮ್ಮನಿರಲಿಲ್ಲ: ಅವರೂ ನನ್ನದೊಂದು ಹಾಡು ಕೇಳಲಿ, ಕುಣಿಯಲು ಬಾರದ್ದನ್ನು ಬಿಡಲಿ ಎಂದು ತಿರುಗೇಟು ಕೊಟ್ಟ. ಅಲ್ಲಿ ಅಪರಾಧವೆನಿಸಿದ್ದು ಪುನರಾವರ್ತನೆ. ಪಲ್ಲವಿಯ ಒಂದೇ ಸಾಲನ್ನು ಇಪ್ಪತ್ತು ಸಲ ಎತ್ತಿಕೊಂಡರೂ ತಲೆದೂಗುವ ನಮ್ಮ ಸಭೆಗೆ ಅದು ದೋಷವೆಂದೇ ತೋರದು. ಯಂತ್ರ ಒಂದೇ, ಅದು ಎಲ್ಲಿ ಚುಚ್ಚುತ್ತದೆ ಎಂಬುದು ಮಾತ್ರ ಊರಿಂದೂರಿಗೆ ಬೇರೆ.

ಮೂಗ್ ಯಂತ್ರ ಭಾರತಕ್ಕೂ ಬೇಗನೇ ಬಂದಿತ್ತು. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಜೋಡಿಸಿ ಸ್ಟುಡಿಯೊ ಒಂದನ್ನು ತೆರೆದರು. ಅದರ ಹಿಂದೆ ಗೀತಾ ಸಾರಾಭಾಯಿ ಇದ್ದರು. 1946ರಲ್ಲಿ ನ್ಯೂಯಾರ್ಕಿನಲ್ಲಿ ಸಂಯೋಜಕ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಬದಲಿಗೆ ಅವರಿಂದ ಪಾಶ್ಚಾತ್ಯ ಸಂಗೀತದ ಪಾಠ ಹೇಳಿಸಿಕೊಂಡವರು ಅವರು. ಗೀತಾ ಮಾತ್ರವಲ್ಲ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರಾ ಕೂಡ ಆ ಯಂತ್ರದ ಮುಂದೆ ಕೂತು ಟೇಪು ತುಂಬಿದರು. ಸ್ಟುಡಿಯೊ ಕೆಲವೇ ವರ್ಷ ನಡೆದು ಮುಚ್ಚಿತು. ಬ್ರಿಟನ್ನಿನ ಪಾಲ್ ಪರ್ಗಸ್ ಸಂಸ್ಥೆಯ ಸಂಗ್ರಹದಲ್ಲಿ ಆ ಟೇಪುಗಳನ್ನು ಕಂಡದ್ದು 2017ರಲ್ಲಿ. ಕಛೇರಿ ಕೇಳುವವರಿಗೆ ಅಷ್ಟು ವರ್ಷ ಅದರ ಸುಳಿವೇ ಇರಲಿಲ್ಲವಾದ್ದರಿಂದ ರುಚಿಯ ಜಗಳಕ್ಕೂ ಎಡೆಯಾಗಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಬೆಂಗಳೂರಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ರೇಡೆಲ್ ಕಂಪನಿ ಸ್ಥಾಪಿಸಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದರು. ಕಛೇರಿಗೆ ತಂಬೂರಿ ಹೊತ್ತು ಓಡಾಡಿದವರಿಗೆ ಅದರ ಬೆಲೆ ಗೊತ್ತಿತ್ತು. ಆಳೆತ್ತರದ ತಂಬೂರಿಯನ್ನು ಬಸ್ಸಿಗೆ ಹತ್ತಿಸುವುದೇ ಒಂದು ಸಾಹಸ. ತಂತಿ ಹರಿದರೆ ಪರದಾಟ, ಮೀಟಲು ಶಿಷ್ಯನೊಬ್ಬ ಬೇಕು, ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳದ ದಾರವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ಆ ಝೇಂಕಾರ ಹೊರಡುವವರೆಗೆ ಕಾಯಬೇಕು. ಪೆಟ್ಟಿಗೆಯಲ್ಲಾದರೆ ಒಂದು ತಿರುಪು ತಿರುಗಿಸಿದರೆ ಮುಗಿಯಿತು. ಜೀವಾಳದ ಆ ಝೇಂಕಾರ ಇದರಲ್ಲೆಲ್ಲಿ ಎಂದು ಗೊಣಗಿದವರೂ ಮನೆಯ ಸಾಧಕಕ್ಕೆ ಒಂದು ತಂದಿಟ್ಟುಕೊಂಡರು.

ಈ ಪೆಟ್ಟಿಗೆಯನ್ನು ಹಾರ್ಮೋನಿಯಂ ಪಕ್ಕ ಇಟ್ಟು ನೋಡಬೇಕು. ಕರೆಂಟಿನ ಸೋಂಕಿಲ್ಲದ ಹಾರ್ಮೋನಿಯಂ ಮೂರು ದಶಕ ಬಾನುಲಿಯ ಹೊರಗೆ ನಿಂತಿತು. ಅಡಿಯಿಂದ ಮುಡಿಯವರೆಗೆ ಎಲೆಕ್ಟ್ರಾನಿಕ್ ಆದ ಶ್ರುತಿ ಪೆಟ್ಟಿಗೆ ಯಾವ ನಿಷೇಧವೂ ಇಲ್ಲದೆ ವೇದಿಕೆ ಹತ್ತಿ ಗವಾಯಿಯ ಮಗ್ಗುಲಲ್ಲೇ ಕೂತಿತು. ತಂಬೂರಿಗೆ ಜಾರುವ ಕೆಲಸವಿಲ್ಲ. ಷಡ್ಜ, ಪಂಚಮ ಬಿಟ್ಟು ಅದು ಎಲ್ಲಿಗೂ ಹೋಗಬೇಕಿಲ್ಲ. ಆದ್ದರಿಂದ ಅದರ ಜಾಗಕ್ಕೆ ಯಂತ್ರ ಬಂದರೆ ರಾಗಕ್ಕೆ ಧಕ್ಕೆಯಿಲ್ಲವೆಂದು ಸಂಗೀತಗಾರರಿಗೆ ಯಾರೂ ವಾದಿಸಿ ಹೇಳಬೇಕಾಗಲಿಲ್ಲ.

ಹೀಗಿರುವಾಗ ಡಿಸ್ಕೊ ಬಂತು. ಬೆಂಗಳೂರಿನಲ್ಲಿ ಹುಟ್ಟಿದ, ಬಿದ್ದು ಎಂಬ ಹೆಸರಿನ ಕೊಡವ ಸಂಗೀತಗಾರ ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫು ಫೈಟಿಂಗ್’ನಿಂದ ಜಗತ್ತನ್ನೇ ಕುಣಿಸಿದ್ದರು. 1980ರ ‘ಕುರ್ಬಾನಿ’ ಚಿತ್ರಕ್ಕೆ ಅವರು ಕೊಟ್ಟ, ನಾಜಿಯಾ ಹಸನ್ ಹಾಡಿದ ‘ಆಪ್ ಜೈಸಾ ಕೋಯಿ’ ಇಡೀ ದೇಶದ ಬಾಯಲ್ಲಿತ್ತು. ಸಿನಿಮಾ ಸ್ಟುಡಿಯೊಗಳು ಅದೇ ತಾಳದ ಹಿಂದೆ ಬಿದ್ದಿದ್ದ ಕಾಲದಲ್ಲಿ ಸಿಂಗ್ ಕೈಗೆ ಆ ಮೂರು ಯಂತ್ರಗಳು ಬಂದವು. ಟಿಆರ್-808 ತಾಳಕ್ಕೆ, ಜುಪಿಟರ್-8 ರಾಗದ ನಡೆಗೆ, ಟಿಬಿ-303 ತಗ್ಗಿನ ಸ್ವರಗಳಿಗೆ.

ಮೂರನೆಯದೇ ಈ ಕಥೆಯ ನಾಯಕ. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ಗಿಟಾರಿನ ಜೊತೆ ಸಿಗಲಿ ಎಂದು ತದಾವೊ ಕಿಕುಮೊಟೊ ವಿನ್ಯಾಸಗೊಳಿಸಿದ ಬೆಳ್ಳಿಬಣ್ಣದ ಪುಟ್ಟ ಪೆಟ್ಟಿಗೆ ಅದು. ಬೇಸ್ ಗಿಟಾರನ್ನು ಅದು ಸುತರಾಂ ಹೋಲುತ್ತಿರಲಿಲ್ಲ. 1984ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಅದರಲ್ಲಿ ಹದಿನಾರು ಹೆಜ್ಜೆಯ ಒಂದು ಆವರ್ತ. ಸ್ವರಗಳನ್ನು ಮೊದಲು ಬರೆಯಬೇಕು, ಕಾಲವನ್ನು ಆಮೇಲೆ. ಬೇಕಾದ ಹೆಜ್ಜೆಗೆ ‘ಸ್ಲೈಡ್’ ಗುಂಡಿ ಒತ್ತಿದರೆ ಸ್ವರ ಕಡಿಯದೆ ಮುಂದಿನದಕ್ಕೆ ಜಾರುತ್ತದೆ. ಹಾರ್ಮೋನಿಯಂಗೆ ದಕ್ಕದ್ದು ಈ ಆಟಿಕೆಯಂಥ ಪೆಟ್ಟಿಗೆಗೆ ದಕ್ಕಿತ್ತು. ಭೈರವದ ಕೋಮಲ ರಿಷಭದಿಂದ ಷಡ್ಜಕ್ಕೆ ಅದು ಇಳಿಯುವಾಗ ಕೇಳಿದವರಿಗೆ, ಏಫೆಕ್ಸ್ ಟ್ವಿನ್ ಮೇಲೆ ಅನುಮಾನ ಹುಟ್ಟಿದ್ದೇಕೆಂದು ತಿಳಿಯುತ್ತದೆ.

ಪೂರ್ತಿ ದಕ್ಕಿತ್ತೆನ್ನುವಂತಿಲ್ಲ. ಅಂತರ ಸಣ್ಣದಿರಲಿ, ದೊಡ್ಡದಿರಲಿ, ಆ ಪೆಟ್ಟಿಗೆ ಜಾರಲು ತೆಗೆದುಕೊಳ್ಳುವ ಹೊತ್ತು ಒಂದೇ. ಗವಾಯಿ ಹಾಗಲ್ಲ. ತೋಡಿಯ ಗಾಂಧಾರಕ್ಕೆ ಬರುವಾಗ ತಡೆಯುತ್ತಾನೆ, ತೂಗುತ್ತಾನೆ, ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲುತ್ತಾನೆ. ಸಿಂಗ್ ಅವರ ತಟ್ಟೆಯಲ್ಲಿ ಆ ತಡೆಯುವಿಕೆ ಇಲ್ಲ; ಒಂದೊಂದು ರಾಗಕ್ಕೆ ಸುಮಾರು ಐದು ನಿಮಿಷದ ಅವಕಾಶ, ಅದರಲ್ಲಿ ಬಹುಪಾಲು 808ರ ಓಟ. ರಸಿಕರ ದೂರಿನಲ್ಲಿ ಹುರುಳಿದೆ ಎಂದೇ ಹೇಳಬೇಕು. ಆದರೆ ಆ ದೂರು ಡಿಸ್ಕೊ ತಾಳದ ಮೇಲೆ ಬಂತೇ ಹೊರತು ಜಾರಿನ ಮೇಲೆ ಬರಲೇ ಇಲ್ಲ. ಕೇಳಬೇಕಾದ ಜಾಗದಲ್ಲಿ ಯಾರೂ ಕಿವಿಯಿಡಲಿಲ್ಲ.

‘ಆ್ಯಸಿಡ್ ಹೌಸಿನ ಮೂಲಪುರುಷ’ ಎಂಬ ಬಿರುದೂ ಇಷ್ಟೇ ಅವಸರದ್ದು. ಮುಂಬಯಿಯ ತಟ್ಟೆ ಶಿಕಾಗೋ ಮುಟ್ಟಿತ್ತೆನ್ನಲು ಆಧಾರವಿಲ್ಲ. ಅಲ್ಲಿನ ಫ್ಯೂಚರ್ ತಂಡದ ಹುಡುಗರಿಗೆ ಸೆಕೆಂಡ್‌ಹ್ಯಾಂಡ್ 303 ಅಗ್ಗಕ್ಕೆ ಸಿಕ್ಕಿತು. ಅದರ ತಿರುಪುಗಳನ್ನು ಮನಬಂದಂತೆ ತಿರುಗಿಸಿದಾಗ ಹೊರಟ ಕೀರಲು ದನಿಯೇ ಅವರಿಗೆ ಸಂಗೀತವಾಯಿತು. ಅವರು ಬೆನ್ನು ಹತ್ತಿದ್ದು ದನಿಯ ಬಣ್ಣವನ್ನು. ಸಿಂಗ್ ಹತ್ತಿದ್ದು ರಾಗದ ನಡೆಯನ್ನು. ಹೊರಗಿನ ಕಿವಿಗೆ ಎರಡೂ ಒಂದೇ ಥರ ಕೇಳಿಸಿದವು, ಒಂದೇ ಮನೆತನದವು ಎಂದಾಯಿತು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಸಿಂಗ್ ಯೂರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ಮತ್ತೆ ನುಡಿಸಿದರು. 2015ರ ಜುಲೈಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಈಗ ಶ್ರುತಿ ಪೆಟ್ಟಿಗೆಯೂ ಮೊಬೈಲಿನೊಳಗೆ ಸೇರಿಕೊಂಡಿದೆ. ಕೀಬೋರ್ಡಿನಲ್ಲೇ ಪೂರ್ಣ ಕರ್ನಾಟಕ ಕಛೇರಿ ಕೊಡುವವರು ಬಂದಿದ್ದಾರೆ. ಅವರ ಕಛೇರಿಗೆ ಹೋದವರು ನೋಡಬೇಕಾದದ್ದು ಬಲಗೈಯನ್ನಲ್ಲ, ಎಡಗೈಯನ್ನು. ಬಲಗೈ ಮನೆಗಳ ಮೇಲೆ ಓಡುತ್ತಿರುತ್ತದೆ. ಎಡಗೈ ಹೆಬ್ಬೆರಳು ಪಕ್ಕದ ಪುಟ್ಟ ಚಕ್ರವೊಂದನ್ನು ಕೂದಲೆಳೆಯಷ್ಟು ಮುಂದೆ ದೂಡಿ, ಹಿಂದೆಳೆದು ಗಾಂಧಾರವನ್ನು ತೂಗಿಸುತ್ತಿರುತ್ತದೆ. ಮುಂದಿನ ಸಾಲಿನ ಹಿರಿಯರು ಕಣ್ಣು ಮುಚ್ಚಿ ಕೇಳುತ್ತಾರೆ. ಚಕ್ರದೊಳಗೊಂದು ಸ್ಪ್ರಿಂಗ್ ಇದೆ. ಬೆರಳು ತೆಗೆದರೆ ಅದು ತಾನಾಗಿ ನಡುವಿಗೆ ಮರಳುತ್ತದೆ.